ಕೆರಿಬಿಯನ್ ಕ್ರೂಸ್‌ನಲ್ಲಿ ಸ್ಕೂಬಾ: ಯಾವ ಬಂದರಿನಲ್ಲಿ ನೀರಿಗಿಳಿಯುವುದು, ಯಾರ ಮೂಲಕ ಹೋಗುವುದು?

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳು ರಜೆಯಲ್ಲಿ ಮಯಾಮಿ, ಫೋರ್ಟ್ ಲಾಡರ್ಡೇಲ್ ಅಥವಾ ಗ್ಯಾಲ್ವೆಸ್ಟನ್‌ನಿಂದ ಹೊರಡುವ ಒಂದು ವಾರದ ಕ್ರೂಸ್ ಹತ್ತುವುದು ಈಗ ಸಾಮಾನ್ಯವಾಗಿದೆ. ಊರಿನಿಂದ ಬಂದ ಅಪ್ಪ ಅಮ್ಮ, ಶಾಲೆಗೆ ಹೋಗುವ ಮಕ್ಕಳು, ಅವರ ನಡುವೆ ಸ್ಕೂಬಾ ಕಲಿತ ಒಬ್ಬರೋ ಇಬ್ಬರೋ ಇರುತ್ತಾರೆ. ಇಂಥವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಹಡಗು ಮೂರು ನಾಲ್ಕು ಬಂದರುಗಳಲ್ಲಿ ನಿಲ್ಲುತ್ತದೆ, ಅವುಗಳಲ್ಲಿ ಎಲ್ಲಿ ಡೈವ್ ಮಾಡಿದರೆ ಒಳ್ಳೆಯದು, ಅದನ್ನು ಹಡಗಿನ ಕಂಪನಿಯ ಮೂಲಕವೇ ಕಾಯ್ದಿರಿಸಬೇಕೇ ಅಥವಾ ದ್ವೀಪದ ಡೈವಿಂಗ್ ಅಂಗಡಿಗೆ ನೇರವಾಗಿ ಬರೆದು ಗೊತ್ತುಮಾಡಿಕೊಳ್ಳಬಹುದೇ?

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಬಹಳಷ್ಟು ಮಂದಿ ನೀರಿನಡಿಯ ಚಿತ್ರಗಳಿಂದ ಆರಂಭಿಸುತ್ತಾರೆ. ಎಲ್ಲಿಯ ಹವಳ ಹೆಚ್ಚು ಚೆಂದ, ಎಲ್ಲಿ ಆಮೆ ಸಿಗುತ್ತದೆ, ಎಲ್ಲಿ ಮುಳುಗಿದ ಹಡಗಿದೆ ಎಂದು ನೋಡುತ್ತಾರೆ. ದ್ವೀಪದಲ್ಲೇ ಒಂದು ವಾರ ಉಳಿಯುವವರಿಗೆ ಅದು ಸರಿಯಾದ ಆರಂಭ. ಕ್ರೂಸ್‌ನಲ್ಲಿ ಹೋಗುವವರಿಗೆ ಮಾತ್ರ ಮೊದಲು ನೋಡಬೇಕಾದದ್ದು ಗಡಿಯಾರ. ಹಡಗಿನ ಮೆಟ್ಟಿಲಿನಿಂದ ನೀರಿನವರೆಗೆ ಎಷ್ಟು ಹೊತ್ತು ಹಿಡಿಯುತ್ತದೆ, ಮರಳಿ ಬರಲು ಎಷ್ಟು ಹಿಡಿಯುತ್ತದೆ, ನಡುವೆ ಏನಾದರೂ ಕೆಟ್ಟರೆ ಕೈಯಲ್ಲಿ ಎಷ್ಟು ಸಮಯ ಉಳಿಯುತ್ತದೆ ಎಂಬುದರ ಮೇಲೆ ಬಂದರಿನ ಆಯ್ಕೆ ನಿಲ್ಲುತ್ತದೆ. ಪ್ರಸಿದ್ಧವಾದ ಜಾಗಕ್ಕಿಂತ ಹತ್ತಿರದ ಜಾಗವೇ ಇಲ್ಲಿ ಹಲವು ಬಾರಿ ಒಳ್ಳೆಯ ಆಯ್ಕೆಯಾಗುತ್ತದೆ.

ಮೊದಲು ಅಳತೆಗೋಲುಗಳು

ಸಮಯದ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. ಹಡಗು ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಐದಕ್ಕೆ ಹೊರಡುತ್ತದೆ ಎಂದಿಟ್ಟುಕೊಳ್ಳಿ. ಕಾಗದದ ಮೇಲೆ ಒಂಬತ್ತು ಗಂಟೆ ಕಾಣುತ್ತದೆ. ಆದರೆ ಸ್ಥಳೀಯ ಅಧಿಕಾರಿಗಳು ಅನುಮತಿ ಕೊಟ್ಟು ಪ್ರಯಾಣಿಕರು ಇಳಿಯುವ ಹೊತ್ತಿಗೆ ಎಂಟೂವರೆ ದಾಟಿರುತ್ತದೆ, ಮರಳಿ ಹತ್ತಲು ಕೊನೆಯ ಗಡುವು ಹೊರಡುವುದಕ್ಕಿಂತ ಅರ್ಧ ಗಂಟೆಯೋ ಇನ್ನೂ ಹೆಚ್ಚೋ ಮೊದಲೇ ಇರುತ್ತದೆ. ಎರಡು ಸಿಲಿಂಡರಿನ, ಅಂದರೆ ಎರಡು ಡೈವ್ ಮಾಡಿಸುವ ಒಂದು ಸಾಮಾನ್ಯ ದೋಣಿ ಪ್ರವಾಸಕ್ಕೆ, ಎರಡು ಡೈವ್‌ಗಳ ನಡುವೆ ಮೇಲೆ ಕಳೆಯಬೇಕಾದ ಸುಮಾರು ಒಂದು ಗಂಟೆಯನ್ನೂ ಸೇರಿಸಿ, ನಾಲ್ಕರಿಂದ ಐದು ಗಂಟೆ ಬೇಕು. ಅದರ ಆಚೆಗೆ ಉಳಿಯುವ ಹೊತ್ತೇ ನಿಮ್ಮ ರಕ್ಷಣೆ. ಡೈವಿಂಗ್ ದೋಣಿ ದಡ ಮುಟ್ಟುವ ಸಮಯಕ್ಕೂ ಹಡಗಿನ ಗಡುವಿಗೂ ನಡುವೆ ಕನಿಷ್ಠ ಎರಡು ಗಂಟೆ ಇರಲೇಬೇಕು ಎಂಬುದು ನಾನು ಪಾಲಿಸುವ ನಿಯಮ. ಹಡಗು ಕಟ್ಟೆಗೆ ಬರದೆ ದೂರದಲ್ಲಿ ಲಂಗರು ಹಾಕಿ, ಚಿಕ್ಕ ಟೆಂಡರ್ ದೋಣಿಗಳಲ್ಲಿ ಜನರನ್ನು ದಡಕ್ಕೆ ಸಾಗಿಸುವ ಬಂದರಾದರೆ ಮೂರು ಗಂಟೆ ಇಟ್ಟುಕೊಳ್ಳುತ್ತೇನೆ.

ಇದರ ಜೊತೆಗೆ ಹಡಗಿನ ಗಡಿಯಾರ ಮತ್ತು ದ್ವೀಪದ ಗಡಿಯಾರ ಒಂದೇ ಆಗಿರದ ತೊಡಕಿದೆ. ಕೋಝುಮೆಲ್ ಇರುವ ಮೆಕ್ಸಿಕೊದ ಕಿಂಟಾನಾ ರೂ ರಾಜ್ಯ 2015ರಿಂದ ವರ್ಷಪೂರ್ತಿ ಒಂದೇ ಸಮಯವನ್ನು ಪಾಲಿಸುತ್ತದೆ. ಹಡಗು ತನ್ನ ಗಡಿಯಾರವನ್ನು ಬದಲಿಸದಿದ್ದರೆ, ಚಳಿಗಾಲದಲ್ಲಿ ಗ್ಯಾಲ್ವೆಸ್ಟನ್‌ನಿಂದ ಹೊರಟವರ ಸಮಯ ಕೋಝುಮೆಲ್‌ಗಿಂತ ಒಂದು ಗಂಟೆ ಹಿಂದೆ ಇರುತ್ತದೆ. ಬೇಸಿಗೆಯಲ್ಲಿ ಫ್ಲೋರಿಡಾದಿಂದ ಹೊರಟವರದು ಒಂದು ಗಂಟೆ ಮುಂದೆ ಇರುತ್ತದೆ. ಒಂದು ಡಿಸೆಂಬರ್‌ನಲ್ಲಿ ನಾನು ಗ್ಯಾಲ್ವೆಸ್ಟನ್‌ನಿಂದ ಹೋಗಿದ್ದಾಗ ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಟ್ಟು ಹಡಗಿನ ಸಮಯವನ್ನೇ ನೋಡಿಕೊಂಡು ಒಂಬತ್ತೂವರೆಗೆ ಸರಿಯಾಗಿ ಜೆಟ್ಟಿಗೆ ಹೋಗಿ ನಿಂತೆ. ಅಂಗಡಿಯ ಗೋಡೆಯ ಗಡಿಯಾರದಲ್ಲಿ ಹತ್ತೂವರೆ ಆಗಿತ್ತು, ನನ್ನ ದೋಣಿ ಹೊರಟು ಒಂದು ಗಂಟೆಯಾಗಿತ್ತು. ಮಧ್ಯಾಹ್ನದ ದೋಣಿಯಲ್ಲಿ ಒಂದೇ ಡೈವ್ ಸಿಕ್ಕಿತು, ಎರಡಕ್ಕೆ ಕೊಟ್ಟ ಹಣದಲ್ಲಿ ಅರ್ಧ ಹೋಯಿತು. ಹೋಂಡುರಾಸ್‌ನ ರೋಅತಾನ್‌ನಲ್ಲಿ ಇದೇ ವ್ಯತ್ಯಾಸ ಹೆಚ್ಚು ಅಪಾಯದ ಕಡೆಗೆ ವಾಲುತ್ತದೆ: ಫ್ಲೋರಿಡಾದ ಸಮಯದಲ್ಲಿ ಓಡುವ ಹಡಗಿನಲ್ಲಿ ನಾಲ್ಕೂವರೆಯಾದಾಗ ದ್ವೀಪದಲ್ಲಿ ಚಳಿಗಾಲವಾದರೆ ಮೂರೂವರೆ, ಬೇಸಿಗೆಯಾದರೆ ಎರಡೂವರೆ ಮಾತ್ರ ಆಗಿರುತ್ತದೆ. ಅಲ್ಲಿ ದ್ವೀಪದ ಗಡಿಯಾರವನ್ನು ನಂಬಿದರೆ ತಪ್ಪುವುದು ಹಡಗೇ.

ಎರಡನೆಯ ಅಳತೆಗೋಲು ನಿಮ್ಮ ಡೈವಿಂಗ್ ತರಬೇತಿಯ ಕಾರ್ಡು. ಇದನ್ನು ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ನಮ್ಮವರಲ್ಲಿ ಅನೇಕರು ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ, ತರಬೇತುದಾರರು ಬೆನ್ನ ಹಿಂದಿನಿಂದ ಸಿಲಿಂಡರ್ ಹಿಡಿದುಕೊಂಡು ತೋರಿಸಿದ ಆ ಮೊದಲ ಡೈವನ್ನು ಮಾಡಿರುತ್ತಾರೆ. ಅದರ ನೆನಪಿಗೆ ಕೊಡುವ ಪ್ರಮಾಣಪತ್ರ ಡೈವಿಂಗ್ ಪರವಾನಗಿಯಲ್ಲ. ಕೆರಿಬಿಯನ್‌ನ ಯಾವ ಅಂಗಡಿಯಲ್ಲೂ ಅದನ್ನು ತೋರಿಸಿ ದೋಣಿ ಹತ್ತಲು ಆಗುವುದಿಲ್ಲ. ಕೆಲವು ದಿನ ಪಾಠ, ಈಜುಕೊಳದ ಅಭ್ಯಾಸ ಮತ್ತು ಸಮುದ್ರದಲ್ಲಿ ನಾಲ್ಕು ಡೈವ್ ಮುಗಿಸಿ ಪಡೆಯುವ ಓಪನ್ ವಾಟರ್ ಕಾರ್ಡು ಇದ್ದರೆ 18 ಮೀಟರ್ ಆಳದವರೆಗೆ, ಅಡ್ವಾನ್ಸ್‌ಡ್ ಕಾರ್ಡು ಇದ್ದರೆ 30 ಮೀಟರ್‌ವರೆಗೆ ಹೋಗಬಹುದು. ಯಾವುದೂ ಇಲ್ಲದವರಿಗೆ ತರಬೇತುದಾರರ ಜೊತೆಯಲ್ಲಿ 12 ಮೀಟರ್ ಮೀರದ ಪರಿಚಯದ ಡೈವ್ ಇದೆ. ಅಂಡಮಾನ್‌ನಲ್ಲೋ ಬೇರೆಲ್ಲೋ ಐದು ವರ್ಷದ ಹಿಂದೆ ಕಾರ್ಡು ಪಡೆದು ಆಮೇಲೆ ನೀರಿಗಿಳಿಯದವರು ತಮ್ಮನ್ನು ಹೊಸಬರೆಂದೇ ಎಣಿಸಬೇಕು. ಒಂದೆರಡು ವರ್ಷದೊಳಗಿನ ಡೈವ್‌ನ ದಾಖಲೆ ಕೇಳುವುದು ಅಲ್ಲಿ ವಾಡಿಕೆ.

ಡೈವ್‌ಗೆ ಮೊದಲು ಅಂಗಡಿಯವರು ತುಂಬಿಸಿಕೊಳ್ಳುವ ಆರೋಗ್ಯದ ಪ್ರಶ್ನಾವಳಿ ಮೂರನೆಯದು. ಆಸ್ತಮಾ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಮುಂತಾದವುಗಳಿಗೆ ಹೌದು ಎಂದು ಬರೆದರೆ ವೈದ್ಯರ ಸಹಿ ಬೇಕೆನ್ನುತ್ತಾರೆ, ಬಂದರಿನಲ್ಲಿ ಬೆಳಿಗ್ಗೆ ಒಂಬತ್ತು ಗಂಟೆಗೆ ಆ ಸಹಿ ಹಾಕುವವರು ಯಾರೂ ಸಿಗುವುದಿಲ್ಲ. ನಮ್ಮ ಮನೆಗಳಲ್ಲಿ ನಲವತ್ತು ದಾಟಿದವರಲ್ಲಿ ಬಿಪಿ, ಶುಗರ್ ಅಪರೂಪವಲ್ಲದ ಕಾರಣ ಪ್ರಶ್ನಾವಳಿಯನ್ನು ಮೊದಲೇ ತರಿಸಿಕೊಂಡು, ಮನೆಯ ವೈದ್ಯರಿಂದ ಸಹಿ ಮಾಡಿಸಿ ಇಟ್ಟುಕೊಳ್ಳಿ. ದಯವಿಟ್ಟು ಎಲ್ಲಕ್ಕೂ ಇಲ್ಲ ಎಂದು ಸುಳ್ಳು ಬರೆಯಬೇಡಿ. ಹತ್ತು ಮೀಟರ್ ಇಳಿದರೆ ದೇಹದ ಮೇಲಿನ ಒತ್ತಡ ಎರಡರಷ್ಟಾಗುತ್ತದೆ, ಅಲ್ಲಿ ಶ್ವಾಸಕೋಶಕ್ಕೂ ಹೃದಯಕ್ಕೂ ಬೀಳುವ ಹೊರೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಆ ಪ್ರಶ್ನೆಗಳನ್ನು ಕೇಳಿರುತ್ತಾರೆ.

ಉಳಿದಂತೆ ಸಮುದ್ರದ ಸ್ಥಿತಿ, ಖರ್ಚು, ಮತ್ತು ನೀವು ನೀರಿನಲ್ಲಿರುವಾಗ ನಿಮ್ಮವರು ಏನು ಮಾಡುತ್ತಾರೆ ಎಂಬುದನ್ನೂ ತೂಗಬೇಕು. ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅರವತ್ತೈದು ದಾಟಿದ ತಂದೆ ತಾಯಿಯನ್ನು ಬಿಸಿಲಿನ ಬಂದರಿನಲ್ಲಿ ಐದು ಗಂಟೆ ಕೂರಿಸಿ ಹೋದ ಡೈವ್ ಯಾರಿಗೂ ಸಂತೋಷ ಕೊಡುವುದಿಲ್ಲ.

ಹಡಗಿನ ಮೂಲಕವೇ, ನೇರವಾಗಿಯೇ?

ಹಡಗಿನ ಕಂಪನಿ ಮಾರುವ ಡೈವಿಂಗ್ ಪ್ರವಾಸಕ್ಕೆ ದೊಡ್ಡ ಅನುಕೂಲವಿದೆ: ಆ ಪ್ರವಾಸದ ದೋಣಿ ತಡವಾದರೆ ಹಡಗು ಕಾಯುತ್ತದೆ, ಕಾಯಲು ಆಗದಿದ್ದರೆ ನಿಮ್ಮನ್ನು ಮುಂದಿನ ಬಂದರಿಗೆ ಸೇರಿಸುವ ಹೊಣೆ ಅವರದು. ಹವಾಮಾನದಿಂದ ಹಡಗು ಆ ಬಂದರಿಗೆ ಹೋಗದಿದ್ದರೆ ಹಣ ತಾನಾಗಿ ಮರಳುತ್ತದೆ. ಟೆಂಡರ್ ಬಂದರುಗಳಲ್ಲಿ ಅವರ ಗುಂಪುಗಳನ್ನು ಮೊದಲು ಇಳಿಸುವುದುಂಟು. ಇದಕ್ಕೆ ಪ್ರತಿಯಾಗಿ ನೀವು ಹೆಚ್ಚು ಹಣ ಕೊಡುತ್ತೀರಿ, ದೊಡ್ಡ ಗುಂಪಿನಲ್ಲಿ ಇಳಿಯುತ್ತೀರಿ, ಆ ಗುಂಪಿನಲ್ಲಿ ಎಲ್ಲ ಮಟ್ಟದವರೂ ಇರುವುದರಿಂದ ಮಾರ್ಗದರ್ಶಿ ಅತ್ಯಂತ ದುರ್ಬಲ ಡೈವರ್‌ಗೆ ಹೊಂದುವ ಜಾಗವನ್ನೇ ಆರಿಸುತ್ತಾರೆ. ಯಾರೋ ಒಬ್ಬರ ಗಾಳಿ ಬೇಗ ಮುಗಿದರೆ ಎಲ್ಲರೂ ಮೇಲೆ ಬರಬೇಕಾದೀತು.

ನೇರವಾಗಿ ಅಂಗಡಿಯವರ ಬಳಿ ಕಾಯ್ದಿರಿಸಿದರೆ ಆರೆಂಟು ಮಂದಿಯ ಚಿಕ್ಕ ದೋಣಿ, ಒಳ್ಳೆಯ ಜಾಗ, ಕಡಿಮೆ ದರ ಸಿಗುತ್ತವೆ. ತಡವಾದರೆ ಹೊಣೆ ಪೂರ್ತಿ ನಿಮ್ಮದು. ಕಟ್ಟೆಯಲ್ಲಿ ಹಡಗು ಬಿಟ್ಟುಹೋಗುವುದನ್ನು ನೋಡುತ್ತಾ ನಿಲ್ಲುವ ಸ್ಥಿತಿ ಬಂದರೆ ಪಾಸ್‌ಪೋರ್ಟ್, ವೀಸಾ, ವಿಮಾನದ ಟಿಕೆಟ್ಟು ಎಲ್ಲವನ್ನೂ ನೀವೇ ನೋಡಿಕೊಳ್ಳಬೇಕು. ಭಾರತೀಯ ಪಾಸ್‌ಪೋರ್ಟಿನವರಿಗೆ ಇದು ಅಮೆರಿಕದ ನಾಗರಿಕರಿಗಿಂತ ಕಷ್ಟದ ಸಂಗತಿ, ಏಕೆಂದರೆ ಹಡಗಿನ ಪ್ರಯಾಣಿಕರಾಗಿ ಒಂದು ಹಗಲು ಇಳಿಯಲು ಇರುವ ಸಡಿಲಿಕೆ, ಆ ದೇಶದಲ್ಲಿ ರಾತ್ರಿ ಉಳಿದು ವಿಮಾನ ಹತ್ತುವವರಿಗೆ ಅನ್ವಯವಾಗಬೇಕೆಂದಿಲ್ಲ. ಮೆಕ್ಸಿಕೊ ಚಾಲ್ತಿಯಲ್ಲಿರುವ ಅಮೆರಿಕದ ವೀಸಾವನ್ನು ಒಪ್ಪುತ್ತದೆ ಎಂಬುದು ಕೋಝುಮೆಲ್‌ನ ಪರವಾಗಿ ನಿಲ್ಲುವ ಇನ್ನೊಂದು ಅಂಶ.

ನನ್ನ ತೀರ್ಮಾನ ಹೀಗಿದೆ. ಕಟ್ಟೆಗೆ ಹಡಗು ತಾಗಿ ನಿಲ್ಲುವ, ಡೈವ್ ಜಾಗ ಹತ್ತಿರವಿರುವ, ಬೆಳಗಿನ ದೋಣಿ ಸಿಗುವ ಬಂದರುಗಳಲ್ಲಿ ನೇರವಾಗಿ ಗೊತ್ತುಮಾಡಿಕೊಳ್ಳುವುದೇ ಲಾಭ. ಟೆಂಡರ್ ಬಂದರಿನಲ್ಲಿ, ಅಥವಾ ಹಡಗು ಮಧ್ಯಾಹ್ನ ಬೇಗ ಹೊರಡುವ ದಿನ, ಅಥವಾ ನಿಮಗೆ ಇದು ಮೊದಲ ಕ್ರೂಸ್ ಆಗಿದ್ದರೆ, ಹೆಚ್ಚು ಕೊಟ್ಟು ಹಡಗಿನ ಮೂಲಕವೇ ಹೋಗಿ.

ಪಶ್ಚಿಮದ ದಾರಿ: ಕೋಝುಮೆಲ್, ಗ್ರ್ಯಾಂಡ್ ಕೇಮನ್, ರೋಅತಾನ್, ಬೆಲೀಝ್

ಗ್ಯಾಲ್ವೆಸ್ಟನ್‌ನಿಂದ ಮತ್ತು ಫ್ಲೋರಿಡಾದಿಂದ ಹೋಗುವ ಹೆಚ್ಚಿನ ಹಡಗುಗಳ ದಾರಿ ಇದೇ ಆಗಿರುವುದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಕೋಝುಮೆಲ್‌ನಲ್ಲಿ ಹಡಗು ಕಟ್ಟೆಗೆ ತಾಗಿ ನಿಲ್ಲುತ್ತದೆ, ಡೈವಿಂಗ್ ದೋಣಿಗಳು ಅಲ್ಲಿಂದ ಸ್ವಲ್ಪ ದೂರದ ಜೆಟ್ಟಿಗಳಿಂದ ಹೊರಡುತ್ತವೆ, ದ್ವೀಪದ ನೈಋತ್ಯದ ಹವಳದ ಸಾಲು 1996ರಿಂದ ರಾಷ್ಟ್ರೀಯ ಉದ್ಯಾನವಾಗಿ ರಕ್ಷಣೆ ಪಡೆದಿದೆ. ಇಲ್ಲಿಯ ವಿಶೇಷ ನೀರಿನ ಸೆಳೆತ. ದಕ್ಷಿಣದಿಂದ ಉತ್ತರಕ್ಕೆ ಹರಿಯುವ ಪ್ರವಾಹ ನಿಮ್ಮನ್ನು ಹವಳದ ಗೋಡೆಯ ಪಕ್ಕದಲ್ಲೇ ಹೊತ್ತೊಯ್ಯುತ್ತದೆ, ನೀವು ಕಾಲು ಬಡಿಯುವ ಅಗತ್ಯವಿಲ್ಲ, ದೋಣಿ ಮೇಲೆ ಹಿಂಬಾಲಿಸುತ್ತಾ ಬಂದು ನೀವು ಎದ್ದ ಕಡೆ ಎತ್ತಿಕೊಳ್ಳುತ್ತದೆ. ಈ ಸಾಲಿನ ಪಲಂಕಾರ್ ಎಂಬ ಜಾಗದಲ್ಲಿ ನಾನು ಇಳಿದ ದಿನ ಮಾರ್ಗದರ್ಶಿ ಸುಮಾರು 15 ಮೀಟರ್ ಆಳದಲ್ಲಿ ಸೆಳೆತಕ್ಕೆ ಎದುರಾಗಿ ತಿರುಗಿ, ಮರಳಿನ ಅಂಚಿನ ಒಂದು ಬಿರುಕಿನೊಳಗೆ ಸಣ್ಣ ಟಾರ್ಚ್ ಹಾಯಿಸಿದರು. ಕಪ್ಪು ಬಿಳಿ ಪಟ್ಟೆಯ ಚಪ್ಪಟೆ ತಲೆ, ಬಾಯಿಯ ಸುತ್ತ ಇಳಿಬಿದ್ದ ಮೀಸೆ, ಅಂಚಿನಲ್ಲಿ ಅರಿಸಿನದಷ್ಟು ಹಳದಿಯಾದ ರೆಕ್ಕೆ. ಕೋಝುಮೆಲ್‌ನ ಸುತ್ತಮುತ್ತಲೇ ಮುಖ್ಯವಾಗಿ ಕಾಣಸಿಗುವ ಕಪ್ಪೆಮೀನು, ಸ್ಪ್ಲೆಂಡಿಡ್ ಟೋಡ್‌ಫಿಶ್ ಅದು. ಕಪ್ಪೆಯಂತೆ ಗೊರಗುಟ್ಟುವ ಅದರ ಸದ್ದು ನೀರಿನಲ್ಲಿ ಮೊದಲೇ ಕೇಳಿಸುತ್ತದೆ, ಮೀನು ಆಮೇಲೆ ಕಾಣುತ್ತದೆ.

ಈ ಸೆಳೆತವೇ ಇಲ್ಲಿಯ ಮಿತಿಯೂ ಹೌದು. ನೀರಿನಲ್ಲಿ ತೇಲುವಿಕೆಯ ಹಿಡಿತ ಇಲ್ಲದವರು ಹವಳಕ್ಕೆ ಬಡಿಯುತ್ತಾರೆ, ಗುಂಪಿನಿಂದ ಬೇರೆಯಾಗುತ್ತಾರೆ. ಬಹಳ ಕಾಲ ಬಿಟ್ಟು ಬಂದವರು ಪಲಂಕಾರ್ ಅಥವಾ ಸಾಂತಾ ರೋಸಾದ ಗೋಡೆಯನ್ನು ಕೇಳದೆ, ಆಳ ಕಡಿಮೆಯಿರುವ ಪ್ಯಾರಡೈಸ್ ದಿಬ್ಬದಲ್ಲಿ ಒಂದೇ ಡೈವ್ ಕೇಳಲಿ. ಚಳಿಗಾಲದಲ್ಲಿ ಉತ್ತರದಿಂದ ಬೀಸುವ ಬಿರುಗಾಳಿಗೆ ಬಂದರಿನ ಅಧಿಕಾರಿಗಳು ಚಿಕ್ಕ ದೋಣಿಗಳನ್ನು ಹೊರಬಿಡದ ದಿನಗಳೂ ಇರುತ್ತವೆ ಎಂಬುದು ನೆನಪಿರಲಿ. ಉದ್ಯಾನದೊಳಗೆ ಕೈಗವಸು, ಚಾಕು ನಿಷಿದ್ಧ, ಸನ್‌ಸ್ಕ್ರೀನ್ ಹಚ್ಚಬಾರದು. ಖರ್ಚಿನ ದೃಷ್ಟಿಯಿಂದ ಕೋಝುಮೆಲ್ ಮತ್ತು ರೋಅತಾನ್ ಈ ಸಾಲಿನಲ್ಲಿ ಅಗ್ಗ: ಎರಡು ಡೈವ್‌ಗೆ ನೂರು ಡಾಲರಿನ ಆಸುಪಾಸು, ಅದರ ಮೇಲೆ ಉದ್ಯಾನದ ಶುಲ್ಕ, ಉಪಕರಣದ ಬಾಡಿಗೆ, ಸಿಬ್ಬಂದಿಗೆ ಟಿಪ್ಸ್. ಮನೆಯವರಿಗೂ ಇಲ್ಲಿ ಬೇಸರವಿಲ್ಲ, ಟ್ಯಾಕ್ಸಿಯಲ್ಲಿ ಪಟ್ಟಣದ ಚೌಕಕ್ಕೋ ಕಡಲತೀರಕ್ಕೋ ಹೋಗಿ ಬರಬಹುದು.

ಗ್ರ್ಯಾಂಡ್ ಕೇಮನ್‌ನಲ್ಲಿ ಕ್ರೂಸ್ ಹಡಗುಗಳಿಗೆ ಕಟ್ಟೆಯಿಲ್ಲ. ಜಾರ್ಜ್ ಟೌನ್‌ನ ಎದುರಿಗೆ ಲಂಗರು ಹಾಕಿ ಟೆಂಡರ್ ದೋಣಿಗಳಲ್ಲಿ ಇಳಿಸುತ್ತಾರೆ, ಒಂದೇ ದಿನ ನಾಲ್ಕು ಹಡಗುಗಳು ಬಂದರೆ ಮರಳುವ ಸಾಲು ಉದ್ದವಾಗುತ್ತದೆ, ಪಶ್ಚಿಮದ ಗಾಳಿ ಎದ್ದರೆ ಹಡಗು ದಕ್ಷಿಣದ ಸ್ಪಾಟ್ಸ್ ಕಡೆಗೆ ಹೋಗುತ್ತದೆ ಇಲ್ಲವೇ ನಿಲ್ಲದೆ ಮುಂದೆ ಸಾಗುತ್ತದೆ. ದರವೂ ಈ ನಾಲ್ಕರಲ್ಲಿ ಹೆಚ್ಚು, ಸ್ಥಳೀಯ ಡಾಲರ್ ಅಮೆರಿಕದ ಡಾಲರಿಗಿಂತ ತುಟ್ಟಿ ಎಂಬುದನ್ನು ಗಮನಿಸದೆ ದರಪಟ್ಟಿ ಓದಿದವರು ಬಿಲ್ಲು ನೋಡಿ ಬೆಚ್ಚುತ್ತಾರೆ. ಇಷ್ಟಿದ್ದರೂ ಕ್ರೂಸ್ ಪ್ರಯಾಣಿಕರಿಗೆ ಈ ದ್ವೀಪ ಕೊಡುವ ಒಂದು ಅನುಕೂಲ ಬೇರೆಡೆ ಸುಲಭವಾಗಿ ಸಿಗುವುದಿಲ್ಲ. ಟೆಂಡರ್ ಇಳಿದ ಕಟ್ಟೆಯಿಂದ ದಕ್ಷಿಣಕ್ಕೆ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಈಡನ್ ರಾಕ್ ಮತ್ತು ಡೆವಿಲ್ಸ್ ಗ್ರಾಟೊ ಎಂಬ ಎರಡು ಜಾಗಗಳಿವೆ. ದಡದಿಂದಲೇ ಮೆಟ್ಟಿಲಿಳಿದು ನೀರಿಗೆ ಹೋಗಿ, ಹವಳದ ಸುರಂಗಗಳ ನಡುವೆ ಟಾರ್ಪನ್ ಮೀನುಗಳ ಬೆಳ್ಳಿಯ ಮೈ ನೋಡಿ, ಒಂದೂವರೆ ಗಂಟೆಯಲ್ಲಿ ಎಲ್ಲ ಮುಗಿಸಿ ಬರಬಹುದು. ದೋಣಿಯ ಗಡಿಯಾರಕ್ಕೆ ಕಟ್ಟುಬೀಳಬೇಕಿಲ್ಲ. ಗಂಡ ಹೆಂಡತಿಯಲ್ಲಿ ಒಬ್ಬರು ಡೈವ್ ಮಾಡಿ ಇನ್ನೊಬ್ಬರು ಮಕ್ಕಳ ಜೊತೆ ಅದೇ ದಡದಲ್ಲಿ ಸ್ನಾರ್ಕೆಲಿಂಗ್ ಮಾಡುವ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ಕಂಡಿಲ್ಲ.

ಮುಳುಗಿದ ಹಡಗು ನೋಡಬೇಕೆನ್ನುವವರಿಗೆ ಸೆವೆನ್ ಮೈಲ್ ಬೀಚ್‌ನ ಎದುರಿಗೆ ಕಿಟ್ಟಿವೇಕ್ ಇದೆ. ಅಮೆರಿಕದ ನೌಕಾಪಡೆಯಲ್ಲಿ ಜಲಾಂತರ್ಗಾಮಿಗಳ ರಕ್ಷಣೆಗೆಂದು ಬಳಕೆಯಲ್ಲಿದ್ದ ಈ ಹಡಗನ್ನು 2011ರ ಜನವರಿಯಲ್ಲಿ ಡೈವರ್‌ಗಳಿಗಾಗಿಯೇ ಮುಳುಗಿಸಿದರು. 2017ರ ಅಕ್ಟೋಬರ್‌ನ ಬಿರುಗಾಳಿಗೆ ಅದು ಪಕ್ಕಕ್ಕೆ ವಾಲಿ ಮಲಗಿತು. ಅದರ ತಳ ಸುಮಾರು 20 ಮೀಟರ್ ಆಳದಲ್ಲಿರುವುದರಿಂದ ಓಪನ್ ವಾಟರ್ ಕಾರ್ಡಿನವರೂ ಹೆಚ್ಚಿನ ಭಾಗವನ್ನು ನೋಡಬಹುದು. ಉತ್ತರದ ಗೋಡೆ ಇನ್ನೂ ಭವ್ಯವಾದದ್ದು, ಆದರೆ ಅದು ದೂರ. ಕ್ರೂಸ್‌ನ ದಿನಕ್ಕೆ ನಾನು ಅದನ್ನು ಸೂಚಿಸುವುದಿಲ್ಲ.

ರೋಅತಾನ್‌ನಲ್ಲಿ ಎರಡು ಕಡೆ ಹಡಗು ಕಟ್ಟೆಗೆ ಬರುತ್ತದೆ, ಮಧ್ಯ ಅಮೆರಿಕದ ದೊಡ್ಡ ಹವಳದ ಸಾಲಿನ ಭಾಗವಾದ ದಿಬ್ಬಗಳು ದಡಕ್ಕೆ ತೀರ ಹತ್ತಿರ, ಸೆಳೆತ ಕೋಝುಮೆಲ್‌ನಷ್ಟಿಲ್ಲ. ಕಾರ್ಡು ಇದ್ದು ಅನುಭವ ಕಡಿಮೆಯಿರುವವರಿಗೆ, ಕೈ ಬಿಗಿಹಿಡಿದು ಖರ್ಚು ಮಾಡುವವರಿಗೆ ಪಶ್ಚಿಮದ ದಾರಿಯಲ್ಲಿ ನನ್ನ ಮೊದಲ ಆಯ್ಕೆ ಇದು. ವೆಸ್ಟ್ ಎಂಡ್‌ನ ಅಂಗಡಿಗಳಿಂದ ದೋಣಿ ಹೊರಟು ಕೆಲವೇ ನಿಮಿಷಗಳಲ್ಲಿ ಡೈವ್ ಜಾಗ ಮುಟ್ಟುತ್ತದೆ. ಒಂದು ಡೈವ್ ಮುಗಿಸಿ ದಡಕ್ಕೇ ಮರಳಿ ಕುಳಿತು, ಮನಸ್ಸಿದ್ದರೆ ಮಾತ್ರ ಎರಡನೆಯದಕ್ಕೆ ಹೋಗುವ ಸ್ವಾತಂತ್ರ್ಯವೂ ಇದೆ. ಬಂದರಿನಿಂದ ವೆಸ್ಟ್ ಎಂಡ್‌ಗೆ ಹೋಗುವ ರಸ್ತೆ ಒಂದೇ ಆಗಿರುವುದರಿಂದ ಮರಳುವಾಗ ವಾಹನಗಳ ಸಾಲಿಗೆ ಸಮಯ ಬಿಟ್ಟುಕೊಳ್ಳಿ.

ಬೆಲೀಝ್ ಎಂದೊಡನೆ ಎಲ್ಲರೂ ಕೇಳುವುದು ಗ್ರೇಟ್ ಬ್ಲೂ ಹೋಲ್. ಸುಮಾರು 300 ಮೀಟರ್ ಅಗಲದ, 120 ಮೀಟರಿಗೂ ಮಿಕ್ಕಿದ ಆಳದ ಆ ನೀಲಿ ಬಾವಿ ಬೆಲೀಝ್ ಸಿಟಿಯಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿದೆ. ಹಡಗು ದಡದಿಂದ ಮೈಲುಗಟ್ಟಲೆ ಆಚೆ ಲಂಗರು ಹಾಕುವ ಬಂದರಿನಿಂದ ಅಲ್ಲಿಗೆ ಹೋಗಿ ಬರುವ ಆಸೆಯನ್ನು ಕ್ರೂಸ್‌ನವರು ಬಿಟ್ಟುಬಿಡುವುದು ಒಳಿತು. ಅಲ್ಲಿ ನೋಡಲು ಸಿಗುವ ಸುಣ್ಣದ ಕಂಬಗಳಿರುವುದು ಓಪನ್ ವಾಟರ್ ಕಾರ್ಡಿನ ಮಿತಿಗಿಂತ ಬಹಳ ಕೆಳಗೆ. ಹಡಗಿನ ಮೂಲಕ ಗೊತ್ತಾದ, ಟರ್ನೆಫ್ ಎಂಬ ಹವಳದ್ವೀಪದ ಕಡೆಗೆ ಅಥವಾ ಹತ್ತಿರದ ಹವಳದ ಸಾಲಿಗೆ ಹೋಗುವ ಪ್ರವಾಸ ಸಿಕ್ಕರೆ ಹೋಗಿ, ಸಿಗದಿದ್ದರೆ ಆ ದಿನವನ್ನು ಮಾಯಾ ನಾಗರಿಕತೆಯ ಅವಶೇಷಗಳಿಗೆ ಮೀಸಲಿಟ್ಟು ಡೈವನ್ನು ಇನ್ನೊಂದು ಬಂದರಿಗೆ ಇಟ್ಟುಕೊಳ್ಳಿ.

ಪೂರ್ವ ಮತ್ತು ದಕ್ಷಿಣದ ದ್ವೀಪಗಳು

ಪೂರ್ವದ ದಾರಿಯಲ್ಲಿ ಗ್ರ್ಯಾಂಡ್ ಟರ್ಕ್‌ಗೆ ನಾನು ಮೇಲಿನ ಸ್ಥಾನ ಕೊಡುತ್ತೇನೆ. 2006ರಲ್ಲಿ ಆರಂಭವಾದ ಕ್ರೂಸ್ ಕಟ್ಟೆಯ ಪಕ್ಕದ ಕಡಲತೀರಕ್ಕೇ ಡೈವಿಂಗ್ ದೋಣಿ ಬಂದು ಕರೆದೊಯ್ಯುತ್ತದೆ, ಸಮುದ್ರದ ತಳ ಪಾತಾಳಕ್ಕೆ ಕುಸಿಯುವ ಗೋಡೆ ದಡದಿಂದ ಕೆಲವು ನೂರು ಮೀಟರ್‌ಗಳಷ್ಟೇ ದೂರ. ಗೋಡೆಯ ಮೇಲಂಚು ಹತ್ತು ಹದಿನೈದು ಮೀಟರ್‌ನಲ್ಲೇ ಸಿಗುವುದರಿಂದ ಹೊಸಬರೂ ಅಂಚಿನಲ್ಲಿ ನಿಂತು ಕೆಳಗಿನ ಗಾಢ ನೀಲಿಯನ್ನು ನೋಡಬಹುದು. ದೋಣಿಯಲ್ಲಿ ಹೆಚ್ಚು ಹೊತ್ತು ಕೂರದ ಕಾರಣ ಹೊಟ್ಟೆ ತೊಳಸುವವರಿಗೂ ಇದು ಅನುಕೂಲ.

ಬ್ರಿಟಿಷ್ ವರ್ಜಿನ್ ದ್ವೀಪಗಳ ಟೋರ್ಟೋಲಾದಲ್ಲಿ ಹಡಗು ನಿಂತರೆ ರೋನ್ ಹಡಗಿನ ಅವಶೇಷವನ್ನು ಬಿಟ್ಟು ಬೇರೆ ಯೋಚಿಸಬೇಡಿ. ಬ್ರಿಟನ್ನಿನ ಅಂಚೆ ಹೊತ್ತು ಓಡುತ್ತಿದ್ದ ಈ ಉಗಿಹಡಗು 1867ರ ಅಕ್ಟೋಬರ್ 29ರ ಚಂಡಮಾರುತದಲ್ಲಿ ಸಾಲ್ಟ್ ದ್ವೀಪದ ಬಂಡೆಗೆ ಬಡಿದು ಎರಡಾಗಿ ಮುರಿಯಿತು, ನೂರಕ್ಕೂ ಹೆಚ್ಚು ಜನ ಸತ್ತರು. ಹಿಂಭಾಗ ಕಡಿಮೆ ಆಳದಲ್ಲಿ, ಮುಂಭಾಗ 25 ಮೀಟರ್ ಆಸುಪಾಸಿನಲ್ಲಿ ಬಿದ್ದಿದೆ. ಒಂದೂವರೆ ಶತಮಾನದಲ್ಲಿ ಅದರ ಕಬ್ಬಿಣದ ಪಕ್ಕೆಗಳ ಮೇಲೆಲ್ಲ ಹವಳ ಬೆಳೆದುಕೊಂಡಿದೆ. ಎರಡೂ ಭಾಗಗಳಿಗೆ ಒಂದೊಂದು ಡೈವ್ ಎಂಬಂತೆ ಪ್ರವಾಸ ಮಾಡಿಸುತ್ತಾರೆ.

ಬಾರ್ಬಡೋಸ್‌ನ ಬ್ರಿಡ್ಜ್‌ಟೌನ್ ಬಂದರಿನ ಪಕ್ಕದ ಕಾರ್ಲೈಲ್ ಕೊಲ್ಲಿ ಕಾರ್ಡು ಇಲ್ಲದವರಿಗೂ ಹೆದರಿಕೆಯಿರುವವರಿಗೂ ಹೇಳಿಮಾಡಿಸಿದ ಜಾಗ. ಶಾಂತವಾದ ನೀರಿನಲ್ಲಿ, ಕೆಲವು ಮೀಟರ್‌ಗಳಿಂದ ಹದಿನೇಳರವರೆಗಿನ ಆಳದಲ್ಲಿ ಹಲವು ಪುಟ್ಟ ಹಡಗುಗಳು ಒಂದಕ್ಕೊಂದು ಹತ್ತಿರದಲ್ಲೇ ಮಲಗಿವೆ, ಆಮೆಗಳು ಸಹಜವಾಗಿ ಬಂದುಹೋಗುತ್ತವೆ. ಅನುಭವಿಗಳಿಗೆ ಇದಕ್ಕೆ ತದ್ವಿರುದ್ಧವಾದದ್ದು ಗ್ರೆನಡಾದ ಬಿಯಾಂಕಾ ಸಿ. 1961ರ ಅಕ್ಟೋಬರ್‌ನಲ್ಲಿ ಸೇಂಟ್ ಜಾರ್ಜಸ್ ಬಂದರಿನ ಬಳಿ ಬೆಂಕಿಗೆ ತುತ್ತಾಗಿ ಮುಳುಗಿದ ಈ ಪ್ರಯಾಣಿಕರ ಹಡಗು ಸುಮಾರು 180 ಮೀಟರ್ ಉದ್ದ, ತಳ 50 ಮೀಟರ್ ಆಳದಲ್ಲಿ. ಅಡ್ವಾನ್ಸ್‌ಡ್ ಕಾರ್ಡು ಮತ್ತು ಇತ್ತೀಚಿನ ಆಳದ ಡೈವ್‌ಗಳಿಲ್ಲದವರು ಅದನ್ನು ಕೇಳಲೂಬಾರದು. ಅಂಥವರಿಗೆ ಅದೇ ದ್ವೀಪದ ಮೊಲಿನೇರ್ ಕೊಲ್ಲಿಯಲ್ಲಿ 2006ರಿಂದ ಇರುವ ನೀರಿನಡಿಯ ಶಿಲ್ಪವನ ಸಾಕಷ್ಟು ಸಂತೋಷ ಕೊಡುತ್ತದೆ, ಆಳ ಕಡಿಮೆಯಿರುವುದರಿಂದ ಡೈವ್ ಮಾಡದ ಮನೆಯವರೂ ಮೇಲಿನಿಂದ ತೇಲುತ್ತಾ ನೋಡಬಹುದು.

ದಕ್ಷಿಣದಲ್ಲಿ ಅರೂಬಾ, ಕುರಸಾವ್, ಬೊನೇರ್ ಮೂರೂ ಚಂಡಮಾರುತಗಳ ಸಾಮಾನ್ಯ ದಾರಿಯಿಂದ ಕೆಳಗಿವೆ. ಜೂನ್‌ನಿಂದ ನವೆಂಬರ್‌ವರೆಗಿನ ಚಂಡಮಾರುತದ ಕಾಲದಲ್ಲೇ ರಜೆ ಸಿಗುವವರು ಈ ದಾರಿಯನ್ನು ಆರಿಸಬಹುದು. ಅರೂಬಾದ ಆಂಟಿಲ್ಲಾ, 1940ರ ಮೇ ತಿಂಗಳಲ್ಲಿ ಅದರ ಜರ್ಮನ್ ನಾವಿಕರೇ ಶತ್ರುಗಳ ಕೈಗೆ ಸಿಗದಂತೆ ಮುಳುಗಿಸಿದ ಸರಕುಹಡಗು. ಅದು 18 ಮೀಟರ್ ಒಳಗಿನ ನೀರಿನಲ್ಲಿದೆ. ಕುರಸಾವ್‌ನ ಸುಪೀರಿಯರ್ ಪ್ರೊಡ್ಯೂಸರ್ ಹಡಗಿನ ಅವಶೇಷ ದೊಡ್ಡ ಕ್ರೂಸ್ ಕಟ್ಟೆಯ ಹತ್ತಿರವೇ ಇದೆ, ಆದರೆ ಆ ಕಟ್ಟೆಯಲ್ಲಿ ಹಡಗು ನಿಂತಿರುವಾಗ ಅಲ್ಲಿ ಮುಳುಗಲು ಬಿಡುವುದಿಲ್ಲ. ಆದ್ದರಿಂದ ಅದರ ಹೆಸರು ಹೇಳಿ ಪ್ರವಾಸ ಮಾರುವವರಿದ್ದರೆ ಹಡಗು ಯಾವ ಕಟ್ಟೆಗೆ ಬರುತ್ತದೆಂದು ಮೊದಲು ಕೇಳಿ.

ಬೊನೇರ್ ಬಗ್ಗೆ ನನಗೆ ಎರಡು ಮನಸ್ಸಿದೆ. ದಡದಿಂದಲೇ ಡೈವ್ ಮಾಡಲು ಜಗತ್ತಿನಲ್ಲಿ ಅದರಷ್ಟು ಅನುಕೂಲದ ದ್ವೀಪ ಕಡಿಮೆ. 1979ರಿಂದ ಸುತ್ತಲಿನ ಸಮುದ್ರವೆಲ್ಲ ಸಂರಕ್ಷಿತ, ರಸ್ತೆಯ ಬದಿಯಲ್ಲಿ ಹಳದಿ ಬಣ್ಣ ಬಳಿದ ಕಲ್ಲು ಕಂಡಲ್ಲಿ ವಾಹನ ನಿಲ್ಲಿಸಿ, ಸಿಲಿಂಡರ್ ಹೊತ್ತು ನಡೆದು ಇಳಿದರೆ ಸಾಕು. ಆದರೆ ಪರಿಸರ ಶುಲ್ಕ ಕೊಡಬೇಕು, ಮೊದಲು ತಿಳಿವಳಿಕೆಯ ಮಾತು ಕೇಳಿ ಪರೀಕ್ಷಾ ಡೈವ್ ಮಾಡಬೇಕು. ಅದು ಮುಗಿಯುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಹಡಗು ರಾತ್ರಿ ಹತ್ತರವರೆಗೆ ನಿಲ್ಲುವ ದಿನವಾದರೆ ಹೋಗಿ. ಮಧ್ಯಾಹ್ನ ಮೂರಕ್ಕೇ ಹೊರಡುವುದಾದರೆ ಆ ಪರೀಕ್ಷಾ ಡೈವನ್ನೇ ಆ ದಿನದ ಡೈವ್ ಎಂದು ಒಪ್ಪಿಕೊಂಡು ಇಳಿಯಿರಿ.

ನಿಮ್ಮ ಸ್ಥಿತಿಗೆ ಹೊಂದಿಸಿ ನೋಡಿದರೆ

ಕಾರ್ಡು ಇಲ್ಲದವರು ಬಾರ್ಬಡೋಸ್, ರೋಅತಾನ್ ಅಥವಾ ಗ್ರ್ಯಾಂಡ್ ಟರ್ಕ್‌ನಂಥ ಶಾಂತ ನೀರಿನ ಕಡೆ ಪರಿಚಯದ ಡೈವ್ ಮಾಡಲಿ, ಒಬ್ಬ ತರಬೇತುದಾರರಿಗೆ ಎಷ್ಟು ಮಂದಿ ಎಂದು ಕೇಳಿ, ಇಬ್ಬರಿಗಿಂತ ಹೆಚ್ಚಿದ್ದರೆ ಬೇರೆ ಅಂಗಡಿ ನೋಡಲಿ. ವಾರದಲ್ಲಿ ಒಂದೇ ಬಂದರಿಗೆ ಹಣವಿರುವವರು ಕೋಝುಮೆಲ್‌ಗೆ ಅದನ್ನು ಇಡಲಿ, ಸೆಳೆತಕ್ಕೆ ಅಂಜುವವರಾದರೆ ರೋಅತಾನ್‌ಗೆ. ಹಣದ ಚಿಂತೆಯಿಲ್ಲದ ಅನುಭವಿಗಳೂ ಪ್ರತಿ ಬಂದರಿನಲ್ಲಿ ಮುಳುಗುವ ಯೋಜನೆ ಹಾಕಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಡಗಿನ ತಡರಾತ್ರಿಯ ಊಟ, ಕುಡಿತ, ನಿದ್ದೆಗೆಟ್ಟ ದೇಹದಲ್ಲಿ ನೀರಿನಂಶ ಕಡಿಮೆಯಾಗಿರುತ್ತದೆ, ಅಂಥ ಸ್ಥಿತಿಯಲ್ಲಿ ಸಾರಜನಕದ ತೊಂದರೆ, ಅಂದರೆ ಆಳದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಮೇಲೆ ಬಂದಾಗ ಗುಳ್ಳೆಗಟ್ಟುವ ಕಾಯಿಲೆ, ಬೇಗ ತಟ್ಟುತ್ತದೆ, ಅದರ ಚಿಕಿತ್ಸೆಗೆ ಬೇಕಾದ, ಗಾಳಿಯ ಒತ್ತಡ ಹೆಚ್ಚಿಸಬಲ್ಲ ಕೋಣೆ ಹಡಗಿನ ಆಸ್ಪತ್ರೆಯಲ್ಲಿ ಇರುವುದಿಲ್ಲ. ಕೋಝುಮೆಲ್, ಗ್ರ್ಯಾಂಡ್ ಕೇಮನ್, ರೋಅತಾನ್‌ನಲ್ಲಿ ಅಂಥ ಕೋಣೆಗಳಿವೆ, ಆದರೆ ಹಡಗು ಅಷ್ಟರಲ್ಲಿ ಸಮುದ್ರದ ನಡುವೆ ಇರುತ್ತದೆ. ಡೈವರ್‌ಗಳ ವಿಮೆಯ ಕೆಲವು ಡಾಲರ್ ಉಳಿಸಲು ಹೋಗಬೇಡಿ.

ಸ್ವಂತದ್ದಾಗಿ ಮಾಸ್ಕ್ ಒಂದನ್ನಾದರೂ ಒಯ್ಯಿರಿ, ಮುಖಕ್ಕೆ ಕೂರದ ಬಾಡಿಗೆ ಮಾಸ್ಕ್ ಇಡೀ ಡೈವನ್ನು ಹಾಳುಮಾಡುತ್ತದೆ. ಉಪಕರಣ ಒಯ್ದವರು ಒಂದು ದ್ವೀಪದಲ್ಲಿ ಬಳಸಿದ್ದನ್ನು ಸೋಂಕುನಿವಾರಕದಲ್ಲಿ ತೊಳೆದು, ಪೂರ್ತಿ ಒಣಗಿಸಿದ ಮೇಲೆಯೇ ಮುಂದಿನ ದ್ವೀಪದಲ್ಲಿ ನೀರಿಗಿಳಿಸಬೇಕು. 2014ರಲ್ಲಿ ಫ್ಲೋರಿಡಾದಲ್ಲಿ ಕಾಣಿಸಿಕೊಂಡು ಕೆರಿಬಿಯನ್‌ನ ದ್ವೀಪದಿಂದ ದ್ವೀಪಕ್ಕೆ ಹರಡಿರುವ ಹವಳದ ಕಾಯಿಲೆ ಕಲ್ಲುಹವಳವನ್ನು ಕೆಲವೇ ವಾರಗಳಲ್ಲಿ ಕೊಲ್ಲುತ್ತದೆ, ಮೂರು ದಿನದಲ್ಲಿ ಮೂರು ದ್ವೀಪ ಸುತ್ತುವ ನಾವು ಅದರ ವಾಹಕರಾಗಬಾರದು.

ಮರಳುವ ವಿಮಾನದ ಲೆಕ್ಕವನ್ನೂ ಮಾಡಿಕೊಳ್ಳಿ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು ಅದೇ ಸಾರಜನಕದ ತೊಂದರೆ ತಟ್ಟಬಹುದು. ಆದ್ದರಿಂದ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾಗಿದ್ದರೆ ಕನಿಷ್ಠ 18 ಗಂಟೆ ಕಳೆದ ಮೇಲೆಯೇ ವಿಮಾನ ಹತ್ತಬೇಕು. ಕೊನೆಯ ದಿನ ಪೂರ್ತಿ ಸಮುದ್ರದಲ್ಲಿ ಕಳೆಯುವ ಹಡಗಾದರೆ ಚಿಂತೆಯಿಲ್ಲ. ಕೊನೆಯ ಬಂದರು ಬಹಾಮಾಸ್‌ನ ನಸ್ಸಾವ್ ಆಗಿದ್ದು, ಮರುದಿನ ಬೆಳಿಗ್ಗೆ ಮಯಾಮಿಯಿಂದ ವಿಮಾನವಿದ್ದರೆ ಆ ಬಂದರನ್ನು ಡೈವಿಂಗ್‌ನ ಪಟ್ಟಿಯಿಂದ ತೆಗೆದುಬಿಡಿ. ಡೊಮಿನಿಕಾದಂಥ ಬೆಟ್ಟದ ದ್ವೀಪದಲ್ಲಿ ಬೆಳಿಗ್ಗೆ ಡೈವ್, ಮಧ್ಯಾಹ್ನ ಬೆಟ್ಟದ ಮೇಲಿನ ಜಲಪಾತ ಎಂದು ಯೋಜಿಸಿದ್ದರೂ ಇದೇ ಕಾರಣಕ್ಕೆ ಕ್ರಮವನ್ನು ತಿರುಗಿಸಿ, ಬೆಟ್ಟ ಮೊದಲು ನೋಡಿ.

ಬಂದರು ಗೊತ್ತಾದ ಮೇಲೆ, ಹಣ ಕಟ್ಟುವ ಮುನ್ನ ಅಂಗಡಿಯವರಿಗೆ ಹಡಗಿನ ಹೆಸರು, ದಿನಾಂಕ, ಬರುವ ಮತ್ತು ಹೊರಡುವ ಸಮಯ, ನಿಮ್ಮ ಕಾರ್ಡಿನ ಮಟ್ಟ, ಕೊನೆಯ ಡೈವ್‌ನ ತಿಂಗಳು, ಇಷ್ಟನ್ನು ಬರೆದು ನಾಲ್ಕು ವಿಷಯ ಕೇಳಿ: ದೋಣಿ ದಡಕ್ಕೆ ಮರಳುವುದು ಸ್ಥಳೀಯ ಸಮಯ ಎಷ್ಟಕ್ಕೆ, ಹಡಗು ಬರದಿದ್ದರೆ ಹಣ ಪೂರ್ತಿ ಮರಳಿಸುತ್ತಾರೆಯೇ, ಒಬ್ಬ ಮಾರ್ಗದರ್ಶಿಗೆ ಎಷ್ಟು ಡೈವರ್‌ಗಳು, ದೋಣಿಯಲ್ಲಿ ತುರ್ತು ಚಿಕಿತ್ಸೆಗೆ ಆಮ್ಲಜನಕದ ಸಿಲಿಂಡರ್ ಇದೆಯೇ. ನಾಲ್ಕಕ್ಕೂ ಸ್ಪಷ್ಟವಾದ ಉತ್ತರ ಲಿಖಿತವಾಗಿ ಬಂದ ಅಂಗಡಿಗೆ ಮುಂಗಡ ಕಳಿಸಿ.